ಗೋಡೆಯಾಚೆಯ ವೈರು

ಅಣ್ಣನ ಗ್ಯಾರೇಜಿನಲ್ಲಿ ಹೊಸದಾಗಿ ಕೂರಿಸಿದ ಪ್ಲಾಸ್ಟಿಕ್ ಪೈಪು ನೆಟ್ಟಗೆ ತನ್ನ ಮನೆಯ ಗೋಡೆಯತ್ತ ಬಂದದ್ದನ್ನು ಕಂಡು ತಮ್ಮನ ತಲೆಗೆ ಅನುಮಾನದ ಹುಳ ಹೊಕ್ಕಿತು. ಮನೆ ಪಾಲಾದಾಗಿನಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅಣ್ಣ ಬಲ್ಬಿನ ಬೆಳಕಿನಲ್ಲಿ ಏಣಿಯ ಮೇಲೆ ನಿಂತು ಪೈಪಿನೊಳಗೆ ವೈರು ತೂರಿಸುತ್ತಿದ್ದ.

“ಯಾರ ಮನೆ ಕರೆಂಟಿಗೆ ಕೈ ಹಾಕ್ತಿದ್ದೀಯ?”

“ನೀನೇ ನೋಡ್ಕೋ,” ಎಂದ ಅಣ್ಣ, ತಿರುಗದೆ.

ಕಳ್ಳತನ ಕಣ್ಣಾರೆ ಕಾಣಬೇಕೆಂದು ತಮ್ಮ ಓಡಿಹೋಗಿ, ತನ್ನ ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನು ಕೆಳಗೆಳೆದ. ಗ್ಯಾರೇಜಿನ ಬಲ್ಬು ಆರಿದರೆ ಅಣ್ಣ ಸಿಕ್ಕಿಬಿದ್ದಂತೆ. ಬಲ್ಬು ಆರಲಿಲ್ಲ. ಅವನದೇ ನಡುಮನೆಯ ಫ್ಯಾನು ನಿಂತಿತು. ಆದರೆ ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಹಾಕಿದ್ದ ಮಿಕ್ಸಿ ಗರ್ರೆಂದು ತಿರುಗುತ್ತಲೇ ಇತ್ತು.

ಅವನು ಮೆಲ್ಲಗೆ ಗ್ಯಾರೇಜಿಗೆ ಮರಳಿದ. “ಅಣ್ಣಾ, ನಮ್ಮ ಅಡುಗೆಮನೆ...”

“ಪಾಲಾದಾಗಿಂದ ನಮ್ಮ ಮೀಟರಿಂದಲೇ ನಡೀತಿದೆ ಕಣೋ. ಹಳೇ ವೈರು ಬಿಸಿಯಾಗ್ತಿದೆ, ಅಲ್ಲಿ ಮಕ್ಕಳು ಓಡಾಡ್ತಾರೆ. ಅದಕ್ಕೇ ಹೊಸದು ಎಳೀತಿದ್ದೀನಿ,” ಎಂದ ಅಣ್ಣ. “ಆಚೆ ಹೋಗಿ ತುದಿ ಹಿಡ್ಕೋ.”

ತಮ್ಮ ಕಣ್ಣೆತ್ತಲಿಲ್ಲ. ಗೋಡೆಯಾಚೆ ಹೋಗಿ ಪೈಪಿನ ಬಾಯಿಗೆ ಕೈಯೊಡ್ಡಿ ನಿಂತ.