ಒಳ್ಳೆ ನೀರು

ಕರಾವಳಿಯ ಒಂದು ದ್ವೀಪದ ಬಳಿ, ದಾರಿ ತಪ್ಪಿದ ಸರಕು ಹಡಗೊಂದು ಹವಳದ ದಿಬ್ಬದ ಮೇಲೆ ಹತ್ತಿ ಕುಳಿತಿತ್ತು...

ಹಡಗನ್ನೇನೋ ಎಳೆದುಕೊಂಡು ಹೋದರು. ಅದರಡಿ ಸಿಕ್ಕಿ ಪುಡಿಯಾದ ಹವಳವನ್ನು ಕೇಳುವವರು ಯಾರು?

ಕೇಳಿದವಳು ಅನಘಾ. ತುಮಕೂರಿನ ಹುಡುಗಿ, ಕಡಲಾಳಕ್ಕೆ ಇಳಿಯುವ ಡೈವರ್.

ಮುರಿದ ತುಂಡುಗಳಲ್ಲಿ ಜೀವ ಇರುವುದನ್ನು ಆರಿಸಿ, ಮತ್ತೆ ಬಂಡೆಗೆ ಸಿಮೆಂಟಿನಿಂದ ಅಂಟಿಸುವುದು ಅವಳ ತಂಡದ ಕೆಲಸ. ತುಂಡು ಬಂಡೆಗೆ ಕಚ್ಚಿಕೊಂಡರೆ ಹವಳ ಮತ್ತೆ ಬೆಳೆಯುತ್ತದೆ, ಮೀನೂ ಮರಳಿ ಬರುತ್ತದೆ.

ಕೊನೆಗೆ ಉಳಿದ ತುಂಡುಗಳನ್ನು ಆರಿಸಿದ ದಿನ ಜೋರು ಗಾಳಿ ಎದ್ದು ಕೆಲಸ ನಿಂತಿತು. ಅವನ್ನು ಸಮುದ್ರದ ನೀರಿನ ಟಬ್ಬುಗಳಲ್ಲಿ ದಡಕ್ಕೆ ತಂದು, ಮೀನು ಮಾರುವ ದುರ್ಗಜ್ಜಿಯ ಮನೆಯ ನೆರಳಲ್ಲಿ ಇಟ್ಟರು.

"ಇವು ಕಲ್ಲಲ್ಲ ಅಜ್ಜಿ, ಜೀವ ಇದೆ. ಪಾಪ, ಗಾಯ ಆಗಿದೆ. ಈ ನೀರು ಬಿಸಿಯಾದ್ರೆ ಚೆಲ್ಲಿ, ಒಳ್ಳೆ ನೀರು ಹಾಕ್ತೀರಾ?"

ಅಷ್ಟು ಹೇಳಿ ಅನಘಾ ಸಿಮೆಂಟ್ ತರಲು ಪೇಟೆಗೆ ಹೋದಳು.

ಸಂಜೆ ಬಂದು ನೋಡಿದರೆ... ತುಂಡುಗಳೆಲ್ಲ ಲೋಳೆ ಬಿಟ್ಟು ಬಿಳುಚಿಕೊಂಡಿವೆ. ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟಳು. ಉಪ್ಪೇ ಇಲ್ಲ.

ಸಿಹಿನೀರಿನಲ್ಲಿ ಹವಳ ಬದುಕುವುದಿಲ್ಲ.

"ಎಂಥ ಕೆಲಸ ಮಾಡಿದ್ರಿ ಅಜ್ಜಿ? ಉಳಿದಿದ್ದೇ ಇಷ್ಟು..."

ಅಜ್ಜಿ ಕಕ್ಕಾಬಿಕ್ಕಿಯಾದಳು.

"ಒಳ್ಳೆ ನೀರು ಹಾಕು ಅಂತ ನೀನೇ ಹೇಳಿದ್ಯಲ್ಲೇ ತಂಗಿ. ಗಾಯಕ್ಕೆ ಉಪ್ಪುನೀರು ತಾಗಿದ್ರೆ ಉರಿತದೆ ಅಲ್ದಾ?"

ಆ ಊರಿನಲ್ಲಿ ಒಳ್ಳೆ ನೀರು ಅಂದರೆ ಕುಡಿಯುವ ನೀರು. ಅನಘಾ ಹೇಳಿದ್ದು ಸಮುದ್ರದ ತಾಜಾ ನೀರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ... ಇಲ್ಲಿ ಹವಳವೇ ಹೋಯಿತು.

ಅನಘಾಳ ಗಂಟಲು ಒಣಗಿತ್ತು. "ಕುಡಿಯೋಕೆ ಒಂದು ಲೋಟ ನೀರು ಕೊಡಿ" ಎಂದಳು.

ಅಜ್ಜಿ ತಲೆ ತಗ್ಗಿಸಿದಳು.

"ಇಲ್ವೇ ತಂಗಿ... ಬೇಸಿಗೆಗೆ ನಮ್ಮ ಬಾವಿ ಉಪ್ಪಾಗ್ತದೆ. ಗುಡ್ಡದ ಆಚೆಯಿಂದ ಹೊತ್ತು ತಂದದ್ದಷ್ಟೂ ಇವಕ್ಕೆ ಹಾಕಿದೆ. ನಾನೂ ಕುಡಿಲಿಲ್ಲ."

ಅನಘಾ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟಳು. "ತಪ್ಪು ನಂದು ಅಜ್ಜಿ, ನಾನು ಬಿಡಿಸಿ ಹೇಳ್ಬೇಕಿತ್ತು."

ಅಜ್ಜಿ ಒಂದು ಬಿಳಿ ತುಂಡನ್ನು ಎತ್ತಿಕೊಂಡು, ಸೆರಗಿನಿಂದ ಮೆಲ್ಲಗೆ ಒರೆಸುತ್ತ ಕೇಳಿದಳು.

"ಈಗ ಉಪ್ಪುನೀರಿಗೆ ಬಿಟ್ರೆ ಉಳಿತಾವಾ ಮಗಾ?"

ಅನಘಾ ಅಜ್ಜಿಯ ಕೈ ಹಿಡಿದು, ಇಲ್ಲವೆಂದು ತಲೆಯಾಡಿಸಿದಳು...

*ನಮ್ಮ ಪಾಲಿನದನ್ನೆಲ್ಲ ಕೊಟ್ಟರೂ, ಅವರಿಗೆ ಬೇಕಾದದ್ದು ಏನೆಂದು ಕೇಳದೆ ಕೊಟ್ಟರೆ ಪ್ರೀತಿಯೂ ಜೀವ ತೆಗೆಯುತ್ತದೆ.*

ನಮ್ಮ ಬಾಯಿಗೆ ಸಿಹಿ ಅನಿಸಿದ್ದನ್ನೇ ನಾವು ಇವತ್ತು ಯಾರ ಗಾಯದ ಮೇಲೆ ಸುರಿಯುತ್ತಿದ್ದೇವೆ?