ಅಲೆಯ ಎದುರು ಬ್ರೇಕು

"ನಿಲ್ಲಸಬ್ಯಾಡ್ರಿ ಅಪ್ಪಾ, ನಿಲ್ಲಸಬ್ಯಾಡ್ರಿ!" ಎಂದು ಸುಹಾಸಿನಿ ಕೂಗುವಷ್ಟರಲ್ಲಿ ಅಂಬಣ್ಣ ಬ್ರೇಕು ಒತ್ತಿಯಾಗಿತ್ತು. ಮರಳುದಿಬ್ಬ ಏರಿ ಇಳಿದ ಗಾಡಿಯ ಮುಂಗಾಜಿನ ತುಂಬ ಒಮ್ಮೆಲೇ ಸಮುದ್ರ ಬಂದು ನಿಂತಿತ್ತು. ನೀರು, ಅದರ ಹಿಂದೆ ನೀರು, ಅದರಾಚೆಗೂ ನೀರು. ಅವರ ಬಲಗಾಲು ಅವರನ್ನು ಕೇಳದೆ ತಾನೇ ಕೆಳಗಿಳಿದಿತ್ತು.

ರಾಯಚೂರು ಸೀಮೆಯಿಂದ ಹೈದರಾಬಾದಿಗೆ ಬಂದು, ಕೋಠಿ–ದಿಲ್‌ಸುಖ್‌ನಗರದ ಗದ್ದಲದಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ, ಆ ಬೇಸಿಗೆಯಷ್ಟೇ ನಿವೃತ್ತರಾದ ಮನುಷ್ಯ. ಸಮುದ್ರವನ್ನು ಎಂದೂ ಕಂಡಿರಲಿಲ್ಲ. ಬೇಗಂಪೇಟೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದ ಮಗಳು ದೊಡ್ಡ ಎಸ್‌ಯುವಿ ಕೊಂಡ ಮೊದಲ ಶನಿವಾರವೇ ಅಪ್ಪನನ್ನು ಕೂರಿಸಿಕೊಂಡು ಬಾಪಟ್ಲದ ಕಡೆ ಹೊರಟಿದ್ದಳು. ಕಡಲು ಹತ್ತಿರವಾದಾಗ, "ಇನ್ನ ನೀವ ಹೊಡೀರಿ. ಉಸುಕಿನ್ಯಾಗ ನಿಧಾನ ಹೋಗ್ರಿ, ಆದ್ರ ನಡುವ ನಿಲ್ಲಸಬ್ಯಾಡ್ರಿ" ಎಂದು ಸ್ಟೇರಿಂಗು ಕೊಟ್ಟಿದ್ದಳು.

ಅಂಬಣ್ಣ ಎಕ್ಸಿಲರೇಟರ್ ಒತ್ತಿದರು. ಚಕ್ರಗಳು ತಿರುಗಿದವು, ಗಾಡಿ ಕದಲಲಿಲ್ಲ. ಇನ್ನೊಮ್ಮೆ ಒತ್ತಿದರು. ಹಿಂಭಾಗ ಗಕ್ಕನೆ ಕುಸಿಯಿತು.

"ಸಾಕ್ರಿ! ನಾಕೂ ಗಾಲಿ ಹುಗದಾವ." ಸುಹಾಸಿನಿ ಇಳಿದು ಓಡಿ ಬಂದಳು. ಒಂದು ಅಲೆ ಹತ್ತಡಿ ದೂರದವರೆಗೆ ಬಂದು ಹಿಂತಿರುಗಿತು. ಮುಂದಿನದು ಎಂಟಡಿಗೆ ಬಂತು. "ನೀರ ಏರಾಕತ್ತೈತಿ ಅಪ್ಪಾ. ಉಪ್ಪುನೀರು ಇಂಜಿನ್ ಹೊಕ್ಕರ ಮುಗೀತು. ಅಷ್ಟ ಹೇಳಿದ್ದೆ, ಯಾಕ ನಿಲ್ಲಿಸಿದ್ರಿ?"

ಅಂಬಣ್ಣ ಅಷ್ಟು ವರ್ಷದಲ್ಲಿ ಡಿಪೋ ಮ್ಯಾನೇಜರನಿಂದಲೂ ಇಂಥ ಪ್ರಶ್ನೆ ಕೇಳಿಸಿಕೊಂಡವರಲ್ಲ. ಗಾಡಿಯಿಂದ ಇಳಿಯುತ್ತಿದ್ದ ಹಾಗೆಯೇ ಕಣ್ಣು ಮತ್ತೆ ನೀರಿನ ಕಡೆ ಹೊರಳಿತು. ನಾಚಿಕೆಯಾಗಿ ಅದನ್ನು ಎಳೆದು ತಂದು ಟೈರಿನ ಮೇಲಿಟ್ಟರು.

ದೂರದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ಎದ್ದು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ತೋರಿಸಿ, "ಗಾಲಿ ತೀಸೇಯಂಡಿ" ಎಂದ.

ಗಾಬರಿಯಲ್ಲಿ ಸುಹಾಸಿನಿಗೆ ದಿನವೂ ಆಡುವ ತೆಲುಗು ಮರೆತೇಹೋಗಿತ್ತು. "ಗಾಲಿ ತಗದ್ರ ಗಾಡಿ ಹೆಂಗ ಹೋಗ್ತೈತಿ?"

"ಗಾಲಿ ಅಲ್ಲವ್ವಾ, ಗಾಳಿ. ಟೈರಿನ ಗಾಳಿ ಬಿಡ್ರಿ ಅನ್ನಾಕತ್ತಾನ," ಎಂದರು ಅಂಬಣ್ಣ.

ಗಾಳಿ ಕಮ್ಮಿಯಿದ್ದ ಬಸ್ಸನ್ನು ಅಂಬಣ್ಣ ಒಂದು ದಿನವೂ ಡಿಪೋದಿಂದ ಹೊರಗೆ ತಂದಿರಲಿಲ್ಲ. ಈಗ ಮೊಣಕಾಲೂರಿ ಕೂತು, ಕೀಲಿಯ ತುದಿಯಿಂದ ವಾಲ್ವು ಒತ್ತಿದರು. ಸುಯ್ಯೆಂದು ಗಾಳಿ ಹೋಯಿತು. ಟೈರಿನ ಹೊಟ್ಟೆ ಒಂಟೆಯ ಪಾದದಂತೆ ಮರಳಿನ ಮೇಲೆ ಹರಡಿತು. ಸಾಕೆಂಬಂತೆ ಮುದುಕ ಕೈ ತೋರಿಸಿದ. ನಾಲ್ಕಕ್ಕೂ ಹಾಗೆಯೇ ಮಾಡಿದರು. ಸುಹಾಸಿನಿ ಊಟದ ಡಬ್ಬಿಯ ಮುಚ್ಚಳದಿಂದ ಮರಳು ಬಗೆದಳು, ಕಾಲಡಿಯ ಮ್ಯಾಟುಗಳನ್ನು ಎಳೆದು ಚಕ್ರದ ಹಿಂದೆ ಹಾಸಿದಳು. ಅಷ್ಟರಲ್ಲಿ ಒಂದು ಅಲೆ ಬಂದು ಮುಂದಿನ ಟೈರುಗಳನ್ನು ತೋಯಿಸಿಯೇ ಹೋಯಿತು.

ಅಂಬಣ್ಣ ಒಳಗೆ ಕೂತು ರಿವರ್ಸ್ ಗೇರು ಹಾಕಿದರು. ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವಷ್ಟು ಮೆಲ್ಲಗೆ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ನಡುಗಿತು. ಆಮೇಲೆ ಅಗೆಯಲಿಲ್ಲ, ಜಾರಲಿಲ್ಲ, ಅಷ್ಟು ತೂಕದ ಕಬ್ಬಿಣ ಮರಳಿನ ಮೇಲೆ ತೇಲತೊಡಗಿತು. ರಸ್ತೆಯೇ ಅಲ್ಲದ ಒಂದರ ಮೇಲೆ ತಾನು ನಡೆಯುತ್ತಿದ್ದೇನೆಂದು ಅವರ ಅಂಗೈಗೆ ತಿಳಿಯುತ್ತಿತ್ತು. ಸರ್ವೆ ಮರಗಳ ಗಟ್ಟಿ ನೆಲ ಸಿಗುವವರೆಗೂ ಅವರು ಗಾಡಿ ನಿಲ್ಲಿಸಲಿಲ್ಲ.

ಬಾಗಿಲು ಮುಚ್ಚುವುದನ್ನೂ ಮರೆತು ಅಂಬಣ್ಣ ಚಪ್ಪಲಿ ಬಿಟ್ಟು ಮತ್ತೆ ನೀರಿನತ್ತ ಇಳಿದು ಹೋದರು. ಸುಹಾಸಿನಿ ಹಿಂದೆಯೇ ಬಂದಳು. ಅವಳ ಸಿಟ್ಟು ಇಳಿದಿತ್ತು. "ಅಪ್ಪಾ, ಬೈದೆ ಅಂತ ಬ್ಯಾಸರಾತೇನ್ರಿ?"

ಅವರು ನೀರನ್ನೇ ನೋಡುತ್ತಿದ್ದರು. ಅಲೆಯೊಂದು ಬಂದು ಪಾದ ಮುಟ್ಟಿ, ಹಿಮ್ಮಡಿಯ ಕೆಳಗಿನ ಮರಳನ್ನು ಸೆಳೆದುಕೊಂಡು ಹಿಂದಕ್ಕೆ ಹೋಯಿತು. ಅಂಬಣ್ಣ ಮಗಳ ಮೊಣಕೈ ಹಿಡಿದುಕೊಂಡರು.

"ಕೋಠಿಯೊಳಗ ನನ್ನ ಬಸ್ಸಿಗೆ ಯಾವತ್ತೂ ಒಬ್ಬರೂ ಹಿಂದ ಸರದು ದಾರಿ ಬಿಡಲಿಲ್ಲವ್ವಾ," ಎಂದರು, ದನಿ ತಗ್ಗಿಸಿ. "ಇದು ನೋಡು, ಇಷ್ಟ ದೊಡ್ಡದು, ಕಾಲಿನ ತನಕ ಬಂದು, ತಾನ ಹಿಂದ ಸರದು ಹೋಗಾಕತ್ತೈತಿ."