ಬಾಗಿಲಿಗೆ ಗುರುತು ಸಿಗದ ನೆಟಿಗೆ

ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಯಾರ ಮನೆಗೂ ಕೀಲಿ ಇರಲಿಲ್ಲ. ಮನೆಯವರು ಎದುರು ನಿಂತು ತಾವು ಗೊತ್ತುಮಾಡಿಕೊಂಡ ಒಂದು ಬೆರಳಿನ ನೆಟಿಗೆ ಮುರಿದರೆ ಸಾಕು, ಆ ಸಪ್ಪಳ ಗುರುತಿಸಿ ಬಾಗಿಲು ತೆರೆಯುತ್ತಿತ್ತು.

ಚಂಪಾವತಿ ಮಲಗಿದ್ದ ಮಗುವನ್ನು ಬಿಟ್ಟು, ಬೀದಿಗೆ ಬಂದ ಗಾಡಿಯಲ್ಲಿ ಕೊತ್ತಂಬರಿ ಕೊಳ್ಳಲು ಹೊರಗೆ ಹೋಗಿದ್ದಳು. ಹಿಂದಿರುಗಿ ಎಂದಿನಂತೆ ನಡುಬೆರಳು ಮಡಚಿದಳು. ಟಕ್ ಎನ್ನಬೇಕಾದ ಬೆರಳು ಮರಳು ತುಳಿದಂತೆ ಕರಕರ ಎಂದಿತು.

"ನೀವು ಯಾರು?" ಎಂದು ಕೇಳಿತು ಬಾಗಿಲು.

ಮದುವೆಯಾಗಿ ಬಂದ ದಿನದಿಂದ ಅವಳಿಗೆ ತೆರೆದುಕೊಳ್ಳುತ್ತಿದ್ದ ಬಾಗಿಲು ಅದು. ಮತ್ತೆ ಮುರಿದಳು. ಬಾಗಿಲು ಮತ್ತೆ ಅದನ್ನೇ ಕೇಳಿತು. ಒಳಗೆ ಮಗು ಎದ್ದು ಅಳತೊಡಗಿತು.

ಪಕ್ಕದ ಮನೆಯ ಪಾರ್ವತವ್ವ ಬಂದು ಚಂಪಾವತಿಯ ಗಂಡನಿಗೆ ಫೋನು ಮಾಡಿ, ಅವಳ ಕೈ ಹಿಡಿದು ನೋಡಿದಳು.

"ಬೆರಳು ಬಾತು ಕೆಂಡದಂಗ ಸುಡಾಕತ್ತೈತಿ. ನೋವು ಇರಲಿಲ್ಲೇನು?"

"ಇತ್ತರಿ. ನೆಟಿಗಿ ಮುರದ್ರ ಏನೂ ಆಗಂಗಿಲ್ಲ ಅಂತಾರಲ್ರಿ, ಅದಕ್ಕ ಸುಮ್ಮನಿದ್ದೆ."

"ನೋವಿಲ್ಲದ ನೆಟಿಗಿ ಬರೇ ಗಾಳಿಗುಳ್ಳಿ, ತಂಗಿ. ಬಾತು ನೋಯಾಕತ್ತಿದ್ರ ಡಾಕ್ಟರಿಗೆ ತೋರಸಬೇಕು."

ಗಂಡ ಓಡಿ ಬಂದು ನೆಟಿಗೆ ಮುರಿದ. ಬಾಗಿಲು ತೆರೆಯಿತು. ಚಂಪಾವತಿ ಮಗುವನ್ನು ಎತ್ತಿಕೊಂಡು ನೇರ ದವಾಖಾನೆಗೆ ನಡೆದಳು.

ಡಾಕ್ಟರು ಬೆರಳಿನ ಕೀಲಿನಿಂದ ಸೂಜಿಯಲ್ಲಿ ಕೀವು ತೆಗೆದು ತೋರಿಸಿದರು. "ಇನ್ನಷ್ಟು ತಡಾ ಮಾಡಿದ್ರ ಬೆರಳು ಉಳಿಯೂದು ಕಷ್ಟ ಇತ್ತವ್ವ."

ಬೆಳಿಗ್ಗೆ ಅದೇ ಕೈಯಲ್ಲಿ ರೊಟ್ಟಿ ಬಡಿದಿದ್ದಳು, ಮಗುವಿಗೆ ಉಣಿಸಿದ್ದಳು. ಈಗ ಅವಳು ಅದನ್ನು ಯಾರದೋ ಕೈಯೆಂಬಂತೆ ನೋಡುತ್ತ ಕೂತಳು.